ನಾಲ್ಕೇ ಕ್ಲಬ್, ಪೂರ್ತಿ ಗಾಲ್ಫ್

ಗಾಲ್ಫ್ ಆಡೋಕೆ ನಿಜವಾಗ್ಲೂ ಅಷ್ಟೊಂದು ದುಡ್ಡು ಬೇಕಾ? ನಿಯಮ ನೋಡಿ. ಬ್ಯಾಗ್‌ನಲ್ಲಿ 14 ಕ್ಲಬ್‌ಗಿಂತ ಹೆಚ್ಚು ಇರಬಾರದು. ಇಷ್ಟಾದರೂ ಇರಲೇಬೇಕು ಅಂತ ಎಲ್ಲೂ ಇಲ್ಲ. ಈಗ ಲೆಕ್ಕಕ್ಕೆ ಬನ್ನಿ. ಸಾಮಾನ್ಯವಾಗಿ 18 ಕುಳಿ, ಪಾರ್ 72. ಪಾರ್ ಅಂದ್ರೆ ಚೆನ್ನಾಗಿ ಆಡೋರು ಮುಗಿಸೋಕೆ ಬೇಕಾದ ಹೊಡೆತಗಳ ಲೆಕ್ಕ. ಕುಳಿಗೆ ಎರಡು ಪಟ್, ಅಂದ್ರೆ ಗ್ರೀನ್ ಮೇಲೆ ಬಾಲ್ ಉರುಳಿಸೋ ಹೊಡೆತ, ಅಂತ ಹಿಡಿದೇ ಪಾರ್ ನಿಗದಿ ಆಗೋದು. ಅಂದ್ರೆ 36 ಹೊಡೆತ, ಅರ್ಧ ಆಟ, ಒಂದೇ ಪಟರ್‌ನಲ್ಲಿ! ಉಳಿದಿದ್ದಕ್ಕೆ ದೂರಕ್ಕೊಂದು ಹೈಬ್ರಿಡ್, ಮಧ್ಯಕ್ಕೊಂದು ಸೆವೆನ್ ಐರನ್, ಹತ್ತಿರಕ್ಕೊಂದು ವೆಡ್ಜ್. ಸೆಕೆಂಡ್ ಹ್ಯಾಂಡೇ ತಗೊಳ್ಳಿ. ಹಿಡಿಯ ರಬ್ಬರ್ ಒಣಗಿ ಜಾರ್ತಿದ್ರೆ ಅದನ್ನಷ್ಟೇ ಬದಲಾಯಿಸಿ.

ಕಡಿಮೆ ಕ್ಲಬ್ ಇದ್ರೆ ದೂರದ ಅಳತೆ ಸಿಗಲ್ಲ ಅಂತೀರಾ? ಹೊಸಬರು ಒಂದೇ ಕ್ಲಬ್‌ನಲ್ಲಿ ಹೊಡೆದ ಎರಡು ಬಾಲೇ ಒಂದೇ ದೂರ ಹೋಗಲ್ಲ. ಸೆವೆನ್ ಐರನ್ನನ್ನ ಸ್ವಲ್ಪ ಕೆಳಗೆ ಹಿಡಿದು, ಅರ್ಧ ಬೀಸಿ. ದೂರ ತಾನಾಗೇ ಕಮ್ಮಿ ಆಗುತ್ತೆ. ಗಲ್ಲಿ ಕ್ರಿಕೆಟ್‌ನಲ್ಲಿ ಒಂದೇ ಬ್ಯಾಟಲ್ಲಿ ಇಡೀ ಬೀದಿ ಆಡಲ್ವಾ, ಹಾಗೆ!

ಆದ್ರೆ ಮೈದಾನದ ಶುಲ್ಕ? ಈ ಆಕ್ಷೇಪ ನಿಜ. ನಮ್ಮಲ್ಲಿ ಹೆಚ್ಚಿನ ಕೋರ್ಸ್‌ಗಳು ಸದಸ್ಯರಿಗೇ ಮೀಸಲು. ಅದಕ್ಕೇ ಡ್ರೈವಿಂಗ್ ರೇಂಜ್‌ನಲ್ಲಿ ಒಂದು ಬುಟ್ಟಿ ಬಾಲ್‌ನಿಂದ ಶುರು ಮಾಡಿ. ಆದ್ರೆ ಈ ಸದಸ್ಯತ್ವದ ಬೇಲಿ ಆಟದ ಗುಣ ಅಲ್ಲ, ನಾವು ಮಾಡಿಕೊಂಡ ವ್ಯವಸ್ಥೆ. ಗಾಲ್ಫ್‌ನ ತವರು, ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರೂಸ್‌ನಲ್ಲಿ ಓಲ್ಡ್ ಕೋರ್ಸೇ ಸಾರ್ವಜನಿಕ ಜಾಗ. ಭಾನುವಾರ ಸಾಮಾನ್ಯವಾಗಿ ಆಟ ಇಲ್ಲ, ಊರವರು ಅದರ ಮೇಲೇ ವಾಕಿಂಗ್ ಹೋಗ್ತಾರೆ. ಪಕ್ಕದಲ್ಲೇ ಹಿಮಾಲಯಾಸ್ ಅನ್ನೋ ಉಬ್ಬುತಗ್ಗಿನ ಪಟಿಂಗ್ ಗ್ರೀನ್, 1867ರಲ್ಲಿ ಶುರುವಾದ ಮಹಿಳಾ ಕ್ಲಬ್ಬಿನದು. ಕೆಲವೇ ಪೌಂಡ್ ಕೊಟ್ಟು ಯಾರು ಬೇಕಾದ್ರೂ ಆಡಬಹುದು. ನಮ್ಮ ಪಾಲಿಕೆ ಪಾರ್ಕ್‌ಗಳಲ್ಲೂ ಇಂಥದ್ದೊಂದು ಹುಲ್ಲುಹಾಸು, ಬಾಡಿಗೆಗೆ ಹತ್ತು ಪಟರ್ ಯಾಕೆ ಇರಬಾರದು? ಇದಕ್ಕೆ ನೂರಾರು ಎಕರೆ ಬೇಡ.