ಅಳೆಯುವ ಮೈಕ್ರೊಫೋನಿನ ಆಯ್ಕೆ ಮತ್ತು ಮಾಪನಾಂಕ ನಿರ್ಣಯ

ಗಾಯಕರ ಮುಂದಿಡುವ ಮೈಕ್ರೊಫೋನು ಕಂಠಕ್ಕೆ ಕೊಂಚ ಮೆರುಗು ಕೊಟ್ಟರೆ ಅದು ಗುಣವೆನಿಸುತ್ತದೆ. ಮನೆಯ ಸ್ಪೀಕರುಗಳ ಧ್ವನಿಯನ್ನು ಅಳೆಯುವ ಮೈಕ್ರೊಫೋನಿನಲ್ಲಿ ಅದೇ ದೋಷ. ಮನುಷ್ಯನ ಕಿವಿಗೆ ನಿಲುಕುವ 20ರಿಂದ 20,000 ಹರ್ಟ್ಸ್‌ವರೆಗಿನ ಆವರ್ತನಗಳಿಗೆಲ್ಲ ಅದು ಸಮನಾಗಿ ಸ್ಪಂದಿಸಬೇಕು, ಇಲ್ಲವೇ ಎಲ್ಲಿ ಎಷ್ಟು ತಪ್ಪುತ್ತದೆಂಬುದಾದರೂ ಮೊದಲೇ ತಿಳಿದಿರಬೇಕು. ಈ ತಪ್ಪನ್ನು ಲೆಕ್ಕ ಹಾಕಿ ಗೊತ್ತುಮಾಡುವುದೇ ಮಾಪನಾಂಕ ನಿರ್ಣಯ.

ಮನೆಬಳಕೆಯ ಇಂತಹ ಮೈಕ್ರೊಫೋನುಗಳಲ್ಲಿ ಹೆಚ್ಚಿನವು ಎಲೆಕ್ಟ್ರೆಟ್ ಬಗೆಯವು. ವಿದ್ಯುದಾವೇಶವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುವ ತೆಳುಪದರವನ್ನು ಆಧರಿಸಿದ ಈ ಬಗೆಯನ್ನು 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ರೂಪಿಸಿದರು. ಅದರ ಪಟಲ, ಅಂದರೆ ಧ್ವನಿಗೆ ಕಂಪಿಸುವ ಪೊರೆ, ಸಾಮಾನ್ಯವಾಗಿ 6 ಮಿಲಿಮೀಟರಿನಷ್ಟು ಚಿಕ್ಕದಿರುತ್ತದೆ. 20,000 ಹರ್ಟ್ಸ್ ಧ್ವನಿಯ ತರಂಗಾಂತರವೇ ಸುಮಾರು 17 ಮಿಲಿಮೀಟರ್ ಆಗಿರುವುದರಿಂದ, ಪಟಲ ಅದಕ್ಕೆ ಸಮೀಪದ ಗಾತ್ರಕ್ಕೆ ಬೆಳೆದರೆ ಎದುರಿನಿಂದ ಬಂದ ಅಲೆ ಬಡಿದು ಅಲ್ಲಿ ಒತ್ತಡ ಏರುತ್ತದೆ, ಮಗ್ಗುಲಿನಿಂದ ಬಂದದ್ದಕ್ಕೆ ಹಾಗಾಗುವುದಿಲ್ಲ. ಚಿಕ್ಕ ಪಟಲದಲ್ಲಿಯೂ ಈ ವ್ಯತ್ಯಾಸ ಪೂರ್ತಿ ಅಳಿಯದ ಕಾರಣ, ಕೆಲವು ತಯಾರಕರು ಸ್ಪೀಕರಿನತ್ತ ನೆಟ್ಟಗೆ ಹಿಡಿದಾಗ ಬಳಸಲು ಒಂದು, ಚಾವಣಿಯತ್ತ ತಿರುಗಿಸಿದಾಗ ಬಳಸಲು ಇನ್ನೊಂದು ತಿದ್ದುಪಡಿ ಕಡತ ಕೊಡುತ್ತಾರೆ. ಅದಲುಬದಲಾದರೆ ಮೇಲಿನ ಆವರ್ತನಗಳ ಅಳತೆ ಕೆಡುತ್ತದೆ. ಕಡತವು ಇಡೀ ಮಾದರಿಗೆ ಒಂದೇ ಆಗಿರದೆ, ಯೂಮಿಕ್-1 ಎಂಬ ಅಳೆಯುವ ಮೈಕ್ರೊಫೋನಿನಲ್ಲಿರುವಂತೆ ಆಯಾ ಮೈಕ್ರೊಫೋನಿನ ಕ್ರಮಸಂಖ್ಯೆಗೆ ಸೇರಿದ್ದಾಗಿರಬೇಕು. ಹಣ ಹಾಕಬೇಕಾದುದು ಇದಕ್ಕೇ ಹೊರತು ಹೊಳೆಯುವ ಕವಚಕ್ಕಲ್ಲ.

ಧ್ವನಿಮಟ್ಟದ ಮಾಪನಾಂಕ ನಿರ್ಣಯ ಇದಕ್ಕಿಂತ ಬೇರೆ. ಮೈಕ್ರೊಫೋನಿನ ತುದಿಯನ್ನು ಕ್ಯಾಲಿಬ್ರೇಟರ್ ಎಂಬ ಪುಟ್ಟ ಸಾಧನದೊಳಗೆ ಬಿಗಿಯಾಗಿ ತೂರಿಸಿದಾಗ ಅದು 1,000 ಹರ್ಟ್ಸ್‌ನಲ್ಲಿ 94 ಡೆಸಿಬೆಲ್ ಧ್ವನಿಯನ್ನು, ಅಂದರೆ 1 ಪಾಸ್ಕಲ್ ಒತ್ತಡವನ್ನು ಉಂಟುಮಾಡುತ್ತದೆ, ಅಳೆಯುವ ತಂತ್ರಾಂಶವೂ ಆಗ 94 ಎಂದೇ ತೋರುವಂತೆ ಹೊಂದಿಸಲಾಗುತ್ತದೆ. ಆವರ್ತನಗಳ ನಡುವಿನ ಏರಿಳಿತವನ್ನಷ್ಟೇ ನೋಡುವ ಮನೆಯಲ್ಲಿ ಇದು ಅನಿವಾರ್ಯವೇನಲ್ಲ.

ಆದರೆ ಕೆಳ ಆವರ್ತನಗಳಲ್ಲಿ ಮೈಕ್ರೊಫೋನಿಗಿಂತ ಕೋಣೆಯದೇ ದರ್ಬಾರು. 4 ಮೀಟರ್ ಉದ್ದದ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ಸುಮಾರು 43 ಹರ್ಟ್ಸ್‌ನಲ್ಲಿ ಸ್ಥಾಯಿ ಅಲೆ ನಿಲ್ಲುವುದರಿಂದ, ಆ ಸ್ವರ ಗೋಡೆಯ ಬಳಿ ಗುಡುಗುತ್ತದೆ, ಕೋಣೆಯ ನಡುವೆ ಉಡುಗುತ್ತದೆ, ಈ ಅಂತರ 10 ಡೆಸಿಬೆಲ್ ಮೀರುವುದೂ ಸಾಮಾನ್ಯ. ಮೈಕ್ರೊಫೋನನ್ನು ಅರ್ಧ ಮೀಟರ್ ಸರಿಸಿದರೆ ಆಗುವ ಬದಲಾವಣೆಯ ಮುಂದೆ ಅದರ ಸ್ವಂತ ತಪ್ಪು ಅಲ್ಪವೇ ಆಗಿರುತ್ತದೆ. ಕೇಳುಗರ ಆಸನದ ಸುತ್ತ ಹಲವೆಡೆ ಅಳೆದು ಸರಾಸರಿ ತೆಗೆಯುವ ರೂಢಿ ಬಂದಿರುವುದು ಈ ಕಾರಣಕ್ಕೆ.