ಮಿಲ್ಟ್ರಿ ದುಡ್ಡು: ಊರ ಬಾಯಲ್ಲಿ ಒಂದು, ಪೇ ಸ್ಲಿಪ್ಪಿನಲ್ಲಿ ಇನ್ನೊಂದು

ರಜೆಗೆ ಊರಿಗೆ ಬಂದ ಸೈನಿಕನ ಮನೆಗೆ ಮೊದಲ ವಾರ ಬರುವವರಲ್ಲಿ ಅರ್ಧ ಜನ ಯೋಗಕ್ಷೇಮ ಕೇಳಲು ಬರುತ್ತಾರೆ, ಇನ್ನರ್ಧ ಜನ ಕೈಗಡ ಕೇಳಲು. ಬೆಳಗಾವಿ, ಬಾಗಲಕೋಟೆ, ಗದಗ ಸೀಮೆಯ ಹಳ್ಳಿಗಳಲ್ಲಿ ಇದೇನೂ ಹೊಸದಲ್ಲ. ತಂಗಿಯ ಮದುವೆ, ಅಣ್ಣನ ಬೋರ್‌ವೆಲ್, ಸೋದರಮಾವನ ಟ್ರ್ಯಾಕ್ಟರ್ ಕಂತು ಎಲ್ಲಕ್ಕೂ ಅವನೇ ಆಸರೆ. ಮಿಲ್ಟ್ರಿಯವನ ಹತ್ತಿರ ದುಡ್ಡಿಗೆ ಬರವಿಲ್ಲ ಎಂಬುದು ಊರಿನ ನಂಬಿಕೆ. ಊರಿನವರು ನಂಬಿದರೆ ಹೋಗಲಿ, ಇಪ್ಪತ್ತೆರಡರ ಪ್ರಾಯದ ಸೈನಿಕನೂ ಇದನ್ನೇ ನಂಬಿ ಕೂರುತ್ತಾನಲ್ಲ, ಅಲ್ಲಿಂದ ತೊಂದರೆ ಶುರುವಾಗುತ್ತದೆ.

“ಮಿಲ್ಟ್ರಿಯವಂಗ ಖರ್ಚ ಎಲ್ಲೈತಿ? ಊಟ, ಬಟ್ಟಿ, ಇರೂ ಜಾಗಾ ಎಲ್ಲಾ ಸರಕಾರದ್ದ”

ಒಬ್ಬಂಟಿಯಾಗಿ ಬ್ಯಾರಕ್ಕಿನಲ್ಲಿರುವವನ ಮಟ್ಟಿಗೆ ಇದು ಬಹುಪಾಲು ನಿಜ. ಲಂಗರ್‌ನಲ್ಲಿ ಊಟಕ್ಕೆ ದುಡ್ಡು ಕೊಡಬೇಕಿಲ್ಲ, ಮಲಗುವ ಜಾಗಕ್ಕೆ ಬಾಡಿಗೆ ಇಲ್ಲ. ಮದುವೆಯಾದ ಮೇಲೆ ಲೆಕ್ಕ ಬದಲಾಗುತ್ತದೆ. ಫೀಲ್ಡ್ ಪೋಸ್ಟಿಂಗ್‌ಗೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಕುಟುಂಬ ಜೊತೆಗಿರಬಹುದಾದ ಪೀಸ್ ಸ್ಟೇಷನ್ನಿಗೆ ಬಂದರೂ ಕ್ವಾರ್ಟರ್ಸ್ ಕಡಿಮೆ, ಕಾಯುವವರು ಹೆಚ್ಚು. ಸರದಿ ಬಂದು ಮನೆ ಸಿಕ್ಕಿ, ಮಗು ಅಲ್ಲಿನ ಶಾಲೆಗೆ ಹೊಂದಿಕೊಳ್ಳುವ ಹೊತ್ತಿಗೆ ಮತ್ತೆ ವರ್ಗ. ಹಾಗಾಗಿ ಎಷ್ಟೋ ಕುಟುಂಬಗಳು ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಮಕ್ಕಳ ಶಾಲೆಗೆ ಹತ್ತಿರವಾಗುವ ಹಾಗೆ ಬಾಡಿಗೆ ಮನೆ ಹಿಡಿದು ನೆಲೆಸಿಬಿಡುತ್ತವೆ. ಅಪ್ಪ ಜಮ್ಮುವಿನಲ್ಲಿ, ಸಂಸಾರ ಬಾಡಿಗೆ ಮನೆಯಲ್ಲಿ, ವಯಸ್ಸಾದ ತಂದೆತಾಯಿ ಹಳ್ಳಿಯಲ್ಲಿ. ಒಂದೇ ಸಂಬಳದಲ್ಲಿ ಎರಡು ಕಡೆ ಒಲೆ ಉರಿಯಬೇಕು.

ಆ ಸಂಬಳ ಎಷ್ಟು? ನಾಲ್ಕು ವರ್ಷದ ಸೇವೆಯ ಅಗ್ನಿಪಥ ಯೋಜನೆಗೆ ಮೊದಲು ಸೇರಿದ ಸಿಪಾಯಿಗೆ 7ನೇ ವೇತನ ಆಯೋಗದಂತೆ ಆರಂಭದ ಮೂಲವೇತನ 21,700 ರೂಪಾಯಿ, ಮಿಲಿಟರಿ ಸರ್ವಿಸ್ ಪೇ 5,200, ಅದರ ಮೇಲೆ ತುಟ್ಟಿಭತ್ಯೆ. ಇದರಲ್ಲಿ ವೇತನದ ಕನಿಷ್ಠ ಶೇ 6ರಷ್ಟು ಭವಿಷ್ಯನಿಧಿಗೆ ಕಟಾವಾಗುತ್ತದೆ, ಸೇನಾ ಗುಂಪು ವಿಮೆಗೆ ಬೇರೆ. ಮಕ್ಕಳ ಶಿಕ್ಷಣ ಭತ್ಯೆ ಇದೆ; 2024ರ ಜನವರಿಯಿಂದ ತಲಾ ತಿಂಗಳಿಗೆ 2,812 ರೂಪಾಯಿ 50 ಪೈಸೆ, ಇಬ್ಬರು ಮಕ್ಕಳಿಗೆ ಮಾತ್ರ. ನಗರದ ಖಾಸಗಿ ಶಾಲೆಯ ಫೀ ರಸೀದಿ ನೋಡಿದವರಿಗೆ ಅದು ಎಲ್ಲಿಯವರೆಗೆ ಸಾಲುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಇನ್ನು ಪ್ರಯಾಣ. ರಜೆಗೆ ಪುಕ್ಕಟೆ ಪ್ರಯಾಣದ ರೈಲು ವಾರಂಟ್ ಸಿಗುತ್ತದೆ, ನಿಜ. ಆದರೆ ಅಪ್ಪನಿಗೆ ಲಕ್ವ ಹೊಡೆಯಿತೆಂದು ರಾತ್ರೋರಾತ್ರಿ ಫೋನ್ ಬಂದಾಗ ಗುವಾಹಟಿಯಿಂದ ಹುಬ್ಬಳ್ಳಿಗೆ ರೈಲಿನಲ್ಲಿ ದಿನಗಟ್ಟಲೆ ಕೂತು ಬರಲು ಯಾರಿಂದಾದೀತು? ಕೊನೇ ಗಳಿಗೆಯ ವಿಮಾನದ ಟಿಕೆಟ್ಟಿಗೆ ತಿಂಗಳ ಸಂಬಳದ ದೊಡ್ಡ ಪಾಲು ಹೋಗುತ್ತದೆ. ಸೈನಿಕನ ಮನೆಯಲ್ಲಿ ಬೇರೆಲ್ಲ ಉಳಿತಾಯಕ್ಕಿಂತ ಮೊದಲು ಇಂಥ ಪ್ರಯಾಣಕ್ಕೆಂದೇ ಒಂದಿಷ್ಟು ದುಡ್ಡು ಬೇರೆ ಖಾತೆಯಲ್ಲಿ ಇರಬೇಕೆಂದು ನಾನು ಹೇಳುವುದು ಇದಕ್ಕೇ.

“ಸಿಯಾಚಿನ್‌ಗೆ ಹೋದ್ರೆ ಲಕ್ಷಗಟ್ಟಲೆ ಸಂಬಳ”

2017ರಲ್ಲಿ ಪರಿಷ್ಕರಿಸಿದಂತೆ ಸಿಯಾಚಿನ್ ಭತ್ಯೆ ಜವಾನರಿಗೂ ಜೆಸಿಓಗಳಿಗೂ (ಜೂನಿಯರ್ ಕಮಿಷನ್ಡ್ ಆಫೀಸರ್) ತಿಂಗಳಿಗೆ 30,000, ಅಧಿಕಾರಿಗಳಿಗೆ 42,500. ದೊಡ್ಡ ಮೊತ್ತವೇ. ಆದರೆ ಅದು ಆ ಹಿಮದಲ್ಲಿ ಇರುವಷ್ಟು ಕಾಲಕ್ಕೆ ಮಾತ್ರ. ಕೆಳಗೆ ಇಳಿದ ಮೇಲೆ ನಿಂತುಹೋಗುತ್ತದೆ. ಮೇಲಿದ್ದಾಗ ಖಾತೆಗೆ ಬಿದ್ದ ಮೊತ್ತ ನೋಡಿ ಮನೆಯವರು ಕಾರಿನ ಸಾಲಕ್ಕೆ ಸಹಿ ಹಾಕುತ್ತಾರೆ. ಬ್ಯಾಂಕಿನವರೂ ಆ ತಿಂಗಳುಗಳ ಸ್ಟೇಟ್‌ಮೆಂಟ್ ನೋಡಿಯೇ ಸಾಲ ಮಂಜೂರು ಮಾಡುವುದು. ಭತ್ಯೆ ನಿಂತ ಮೇಲೂ ಕಂತು ಐದು ವರ್ಷ ನಡೆಯುತ್ತದೆ. ಹೈ ಆಲ್ಟಿಟ್ಯೂಡ್, ಫೀಲ್ಡ್ ಏರಿಯಾ ಭತ್ಯೆಗಳ ಕಥೆಯೂ ಇದೇ. ಕಂತು ಕಟ್ಟುವ ಶಕ್ತಿಯನ್ನು ಅಳೆಯಬೇಕಾದದ್ದು ಪೀಸ್ ಸ್ಟೇಷನ್ನಿನ ಸಂಬಳದಿಂದ. ಫೀಲ್ಡಿನಲ್ಲಿ ಬಂದ ಹೆಚ್ಚುವರಿ ಹಣ ಭವಿಷ್ಯನಿಧಿಗೆ ಹೋಗಲಿ. ಶೇ 6 ಎಂಬುದು ಕನಿಷ್ಠ ವಂತಿಗೆ, ಬೇಕೆಂದವರು ಹೆಚ್ಚಿಸಿಕೊಳ್ಳಬಹುದು.

“ಸೈನಿಕರಿಗೆ ತೆರಿಗೆ ಇಲ್ಲ, ಕ್ಯಾಂಟೀನ್‌ನಲ್ಲಿ ಎಲ್ಲ ಅರ್ಧ ರೇಟು”

ಎರಡೂ ತಪ್ಪು. ಸೈನಿಕನ ಸಂಬಳವೂ ಎಲ್ಲರ ಸಂಬಳದಂತೆ ತೆರಿಗೆಗೆ ಒಳಪಟ್ಟದ್ದೇ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳದ ಕಾರಣ ಹೆಚ್ಚಿನ ಜವಾನರು ಕಟ್ಟಬೇಕಾಗಿಲ್ಲ, ಅಷ್ಟೇ. ಅದು ಸಮವಸ್ತ್ರಕ್ಕೆ ಕೊಟ್ಟ ವಿನಾಯಿತಿಯಲ್ಲ. ಪೂರ್ತಿ ವಿನಾಯಿತಿ ಇರುವುದು ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರದಂಥ ಶೌರ್ಯ ಪ್ರಶಸ್ತಿ ಪಡೆದವರ ಪಿಂಚಣಿಯಂಥ ಕೆಲವಕ್ಕೆ. ಕ್ಯಾಂಟೀನ್‌ನಲ್ಲಿ ಅರ್ಧ ಆಗುವುದು ಜಿಎಸ್‌ಟಿ ಹೊರತು ಬೆಲೆಯಲ್ಲ. ಸೋಪು, ಟೂತ್‌ಪೇಸ್ಟ್‌ನಲ್ಲಿ ಉಳಿಯುವುದು ಕೆಲವು ರೂಪಾಯಿ. ಫ್ರಿಡ್ಜು, ಕಾರಿನಲ್ಲಿ ಉಳಿತಾಯ ಗಣನೀಯ. ಅದಕ್ಕೇ ನೆಂಟರು “ನಿನ್ನ ಕಾರ್ಡ್ ಮೇಲೆ ಒಂದು ಫ್ರಿಡ್ಜ್ ಕೊಡಿಸಪಾ” ಎಂದು ದುಂಬಾಲು ಬೀಳುವುದು. ಕಾರ್ಡ್ ಅವನ ಮತ್ತು ಅವನ ಕುಟುಂಬದ ಬಳಕೆಗೆ ಮಾತ್ರ ಕೊಟ್ಟದ್ದು, ಬೇರೆಯವರಿಗೆ ಕೊಂಡು ಕೊಡುವುದು ನಿಯಮಬಾಹಿರ. (ರಮ್ ಬಾಟಲಿಯ ವಿಷಯದಲ್ಲಿ ಈ ನಿಯಮ ಯಾವ ಊರಿನಲ್ಲೂ ನೆಟ್ಟಗೆ ನಡೆದಂತಿಲ್ಲ, ಆ ಮಾತು ಬೇರೆ.)

“ಪೆನ್ಷನ್ ಐತೆಲ್ಲ, ಉಳಿಸೂದು ಯಾಕ?”

ಸಿಪಾಯಿ ಪಿಂಚಣಿಗೆ ಕನಿಷ್ಠ 15 ವರ್ಷ ಸೇವೆ ಮಾಡಿರಬೇಕು. ಹದಿನೆಂಟು ಹತ್ತೊಂಬತ್ತಕ್ಕೆ ಸೇರಿದವನು ನಲವತ್ತರ ಒಳಗೆ ಹೊರಬರುತ್ತಾನೆ. ಆಗ ಮಕ್ಕಳಿನ್ನೂ ಹೈಸ್ಕೂಲಿನಲ್ಲಿ. ಉಳಿದ ನೌಕರರಿಗೆ ಸಂಬಳ ಏರುವ ವಯಸ್ಸಿನಲ್ಲಿ ಇವನ ಸಂಬಳ ಅರ್ಧಕ್ಕೆ ಇಳಿಯುತ್ತದೆ. ಪಿಂಚಣಿ ಕೊನೆಯ ವೇತನದ ಅರ್ಧ. ಭವಿಷ್ಯನಿಧಿ, ಗ್ರಾಚ್ಯುಯಿಟಿ ಬೇರೆ ಬರುತ್ತವೆ, ನಿಜ. ಆದರೆ ಮಕ್ಕಳ ಕಾಲೇಜು, ಮನೆ, ಮದುವೆ ಎಲ್ಲವೂ ಬರುವುದು ಆ ಅರ್ಧ ಸಂಬಳದ ಕಾಲಕ್ಕೇ.

ಇಲ್ಲಿ ಹೆಚ್ಚು ಗೊಂದಲ ಇರುವುದು ಕಮ್ಯುಟೇಷನ್ ಬಗ್ಗೆ. ಪಿಂಚಣಿಯ ಅರ್ಧದವರೆಗೆ ಸರ್ಕಾರಕ್ಕೆ ಬಿಟ್ಟುಕೊಟ್ಟು ಬದಲಿಗೆ ಒಂದೇ ಗಂಟಾಗಿ ಹಣ ಪಡೆಯಬಹುದು. ಕೆಲವರು ಇದನ್ನು ಪುಕ್ಕಟೆ ಬೋನಸ್ ಅನ್ನುತ್ತಾರೆ, ಕೆಲವರು ಸರ್ಕಾರದ ಮೋಸ ಅನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ಪಿಂಚಣಿ ತಿಂಗಳಿಗೆ 20,000 ಎಂದುಕೊಳ್ಳಿ, ಅದರಲ್ಲಿ 10,000 ಬಿಟ್ಟುಕೊಟ್ಟ. ಮುಂದಿನ ಹುಟ್ಟುಹಬ್ಬಕ್ಕೆ 40 ತುಂಬುವವನಿಗೆ ಸರ್ಕಾರದ ಕಮ್ಯುಟೇಷನ್ ಕೋಷ್ಟಕದ ಗುಣಕ 9.090. ಹತ್ತು ಸಾವಿರವನ್ನು 12ರಿಂದಲೂ ಈ ಗುಣಕದಿಂದಲೂ ಗುಣಿಸಿದರೆ 10,90,800 ರೂಪಾಯಿ ಕೈಗೆ ಬರುತ್ತದೆ, ಅದಕ್ಕೆ ತೆರಿಗೆ ಇಲ್ಲ. ಮುಂದಿನ 15 ವರ್ಷ ತಿಂಗಳಿಗೆ 10,000ದಂತೆ ಒಟ್ಟು 18 ಲಕ್ಷ ಕಟಾವಾಗಿ, ಆಮೇಲೆ ಪೂರ್ತಿ ಪಿಂಚಣಿ ಮರಳುತ್ತದೆ. ಬಡ್ಡಿಯ ಭಾಷೆಯಲ್ಲಿ ಹೇಳಿದರೆ ಇದು ವರ್ಷಕ್ಕೆ ಸುಮಾರು ಶೇ 7.3ರ ಸಾಲ. ತುಟ್ಟಿ ಪರಿಹಾರವನ್ನಂತೂ ಪೂರ್ತಿ 20,000ದ ಮೇಲೇ ಕೊಡುತ್ತಾರೆ. ಅಂದರೆ ಕಮ್ಯುಟೇಷನ್ ಮೋಸವಲ್ಲ, ಬೋನಸ್ಸೂ ಅಲ್ಲ. ಶೇ 12ರ ಖಾಸಗಿ ಸಾಲ ತೀರಿಸಲೋ ಮನೆ ಕಟ್ಟಲೋ ಬಳಸಿದರೆ ಒಳ್ಳೆಯದೇ. ಗೊತ್ತುಗುರಿ ಇಲ್ಲದ ಲೇಔಟಿನ ಸೈಟಿಗೋ, ದುಡ್ಡು ದುಪ್ಪಟ್ಟು ಮಾಡಿಕೊಡುತ್ತೇನೆಂದ ಹಳೆಯ ಸಹೋದ್ಯೋಗಿಯ ಸ್ಕೀಮಿಗೋ ಹಾಕಿದರೆ, 15 ವರ್ಷ ಪ್ರತಿ ತಿಂಗಳೂ ಆ ನಷ್ಟದ ಕಂತು ಕಟ್ಟಿದಂತೆಯೇ. ನಿವೃತ್ತನಾದ ಸೈನಿಕನ ಕೈಗೆ ಗಂಟು ಬರುವ ದಿನ ಊರಿನ ಏಜೆಂಟರಿಗೆ ಅವನಿಗಿಂತ ಮೊದಲೇ ಗೊತ್ತಿರುತ್ತದೆ.

“ಅಗ್ನಿವೀರನಿಗೆ ಸರ್ಕಾರ ಹತ್ತು ಲಕ್ಷ ಕೊಟ್ಟು ಕಳಿಸುತ್ತದೆ”

2022ರ ಜೂನ್‌ನಲ್ಲಿ ಅಗ್ನಿಪಥ ಘೋಷಣೆಯಾದಾಗಿನಿಂದ ಈ ಮಾತು ಓಡಾಡುತ್ತಿದೆ. ಆ ಹತ್ತು ಲಕ್ಷ ಬರುವುದು ಸೇವಾನಿಧಿ ಎಂಬ ನಿಧಿಯಿಂದ, ಅದರ ಅರ್ಧ ಹುಡುಗನದೇ ದುಡ್ಡು. ಮೊದಲ ವರ್ಷದ ಪ್ಯಾಕೇಜ್ ತಿಂಗಳಿಗೆ 30,000. ಅದರ ಶೇ 30, ಅಂದರೆ 9,000, ನಿಧಿಗೆ ಹೋಗಿ ಕೈಗೆ ಬರುವುದು 21,000. ನಾಲ್ಕನೇ ವರ್ಷ 40,000ದಲ್ಲಿ 28,000. ಹೀಗೆ ಅವನು ಕಟ್ಟುವುದು 5.02 ಲಕ್ಷ, ಸರ್ಕಾರ ಸೇರಿಸುವುದು ಅಷ್ಟೇ, ಮೇಲೆ ಬಡ್ಡಿ. ತೆರಿಗೆ ಇಲ್ಲ. ಗ್ರಾಚ್ಯುಯಿಟಿ, ಪಿಂಚಣಿ ಇಲ್ಲ. ಹೊರಬಂದ ಮೇಲೆ ಮಾಜಿ ಸೈನಿಕರ ಆರೋಗ್ಯ ಯೋಜನೆಯೂ ಇಲ್ಲ, ಕ್ಯಾಂಟೀನೂ ಇಲ್ಲ. ವಂತಿಗೆ ಇಲ್ಲದ 48 ಲಕ್ಷದ ಜೀವವಿಮೆ ಸೇವೆಯಲ್ಲಿ ಇರುವಷ್ಟು ದಿನ ಮಾತ್ರ. ಖಾಯಂ ಆಗುವವರು ಗರಿಷ್ಠ ಶೇ 25. ಮಗ ಸೇರಿದ ವರ್ಷವೇ ಆ ಮೊತ್ತವನ್ನು ಅಕ್ಕನ ಮದುವೆಗೆಂದು ಎಣಿಸಿಟ್ಟ ಮನೆಗಳಿವೆ. ನಾಲ್ಕು ವರ್ಷದ ನಂತರ ಅವನು ಮತ್ತೊಂದು ಕೆಲಸ ಹುಡುಕಬೇಕು, ಓದು ಮುಂದುವರಿಸಬೇಕು. ಆ ಹಣ ಅದಕ್ಕೆಂದೇ ಇರುವುದು.

“ಏನಾದ್ರೂ ಆದ್ರೆ ಸೈನ್ಯ ನೋಡ್ಕೊಳ್ಳುತ್ತೆ”

ನೋಡಿಕೊಳ್ಳುತ್ತದೆ, ಕಾಗದ ಸರಿಯಿದ್ದರೆ. ಸಂಬಳ ಖಾತೆಯ ಜೊತೆ ಬ್ಯಾಂಕು ಕೊಡುವುದು ಮುಖ್ಯವಾಗಿ ಅಪಘಾತ ವಿಮೆ; ಹೃದಯಾಘಾತದಿಂದ ಹೋದರೆ ಅದು ಬರುವುದಿಲ್ಲ. ಗುಂಪು ವಿಮೆಯ ದೊಡ್ಡ ರಕ್ಷಣೆ ಸೇವೆಯ ಅವಧಿಗೆ. ನಿವೃತ್ತಿಯ ನಂತರದ್ದು ಬೇರೆಯೇ ಯೋಜನೆ, ಮೊತ್ತವೂ ಕಡಿಮೆ. ಮದುವೆ, ಮಗುವಿನ ಜನನ ಎಲ್ಲವೂ ಸೈನಿಕನ ವೈಯಕ್ತಿಕ ವಿವರ ದಾಖಲಿಸುವ ಯೂನಿಟ್ಟಿನ ಪಾರ್ಟ್ ಟು ಆರ್ಡರ್‌ನಲ್ಲಿ ಪ್ರಕಟವಾಗಿ ದಾಖಲೆ ಕಚೇರಿಗೆ ಮುಟ್ಟಿದ ಮೇಲೆಯೇ ಸೈನ್ಯದ ಕಣ್ಣಿಗೆ ಆ ಹೆಂಡತಿ, ಆ ಮಗು ಇದ್ದಂತೆ. ನಮ್ಮ ಕಡೆ ಇನ್ನೊಂದು ತೊಡಕಿದೆ. ತವರಿನಲ್ಲಿ ಶಾಂತವ್ವ, ಮದುವೆಯಲ್ಲಿ ಇಟ್ಟ ಹೆಸರು ಸುಜಾತಾ, ಆಧಾರ್‌ನಲ್ಲಿ ಗಂಡನ ಅಡ್ಡಹೆಸರು ಸೇರಿ ಮೂರನೆಯದು. ಪಿಂಚಣಿ ನಿರ್ವಹಿಸುವ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಒಂದು ಅಕ್ಷರ ಕೂಡದಿದ್ದರೂ ಕಡತ ಅಲ್ಲೇ ನಿಲ್ಲುತ್ತದೆ. ಗಂಡ ಸೇವೆಯಲ್ಲಿರುವಾಗ ಯೂನಿಟ್ಟಿನ ಕ್ಲಾರ್ಕ್ ಹತ್ತಿರ ಒಂದು ಅರ್ಜಿಯಲ್ಲಿ ಮುಗಿಯುವ ಈ ತಿದ್ದುಪಡಿಗೆ, ಆಮೇಲೆ ಹೆಂಡತಿ ಅಫಿಡವಿಟ್ ಹಿಡಿದು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಈ ಸಲದ ರಜೆಯಲ್ಲಿ ಕೈಗಡ ಕೊಡುವ ಮುಂಚೆ ಆಧಾರ್, ಮದುವೆ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ಓದಿ ನೋಡಿ.