ಹಂದಿಗಳ ಮೈಕೋಪ್ಲಾಸ್ಮಾ ನ್ಯೂಮೋನಿಯ ಮತ್ತು ಲಸಿಕೆಯ ಮಿತಿ

ಲಸಿಕೆ ಪಡೆದ ಪ್ರಾಣಿಯ ದೇಹದಲ್ಲಿ ರೋಗಾಣುವಿಗೆ ನೆಲೆಯೇ ಇರದೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬಲವಾಗಿ ಬೇರೂರಿದೆ. ಹಂದಿಗಳಿಗೆ ಬರುವ ಮೈಕೋಪ್ಲಾಸ್ಮಾ ನ್ಯೂಮೋನಿಯವನ್ನು ಪರಿಶೀಲಿಸಿದರೆ ಈ ಭಾವನೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಒಣಕೆಮ್ಮು ಮತ್ತು ಕುಂಠಿತವಾದ ಬೆಳವಣಿಗೆ ಈ ವ್ಯಾಧಿಯ ಲಕ್ಷಣಗಳು. ಇದು ವೈರಸ್ಸಿನಿಂದ ಬರುವುದೆಂದೇ ಬಹುಕಾಲ ಬಗೆದಿದ್ದರು. 1965ರಲ್ಲಿ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಪ್ರತ್ಯೇಕವಾಗಿ ನಡೆದ ಶೋಧನೆಗಳಿಂದ ಇದಕ್ಕೆ ಕಾರಣ ಅತಿಸೂಕ್ಷ್ಮವಾದ ಒಂದು ಬ್ಯಾಕ್ಟೀರಿಯವೆಂದು ತಿಳಿದುಬಂದಿತು. ಅದೇ ಮೈಕೋಪ್ಲಾಸ್ಮಾ ಹೈಯೊನ್ಯೂಮೋನಿಯೆ. ಇದಕ್ಕೆ ಕೋಶಭಿತ್ತಿಯಿಲ್ಲ. ಭಿತ್ತಿಯ ರಚನೆಗೆ ಅಡ್ಡಿಮಾಡಿ ಬ್ಯಾಕ್ಟೀರಿಯಗಳನ್ನು ಕೊಲ್ಲುವ ಪೆನಿಸಿಲಿನ್ ಇದರ ಮುಂದೆ ನಿಷ್ಫಲವಾಗುವುದು ಈ ಕಾರಣದಿಂದಲೇ.

ಈ ಜೀವಿ ಮುಖ್ಯವಾಗಿ ನೆಲೆಸುವುದು ರಕ್ತದಲ್ಲಲ್ಲ, ಶ್ವಾಸನಾಳದ ಒಳಮೈಯಲ್ಲಿ. ಅಲ್ಲಿ ಸಣ್ಣ ಕೂದಲುಗಳಂಥ ಲೋಮಾಂಗಗಳು ಸದಾ ಅಲುಗಾಡುತ್ತ ಧೂಳನ್ನೂ ಕಫವನ್ನೂ ಮೇಲಕ್ಕೆ ಗುಡಿಸುತ್ತಿರುತ್ತವೆ. ಮೈಕೋಪ್ಲಾಸ್ಮಾ ಅವಕ್ಕೆ ಅಂಟಿಕೊಂಡು ಅವುಗಳನ್ನು ಹಾಳುಮಾಡುತ್ತದೆ. ಕಸಗುಡಿಸುವವರಿಲ್ಲದ ಮನೆಯೊಳಕ್ಕೆ ಪಾಶ್ಚುರೆಲ್ಲಾ ಮುಂತಾದ ಇತರ ಬ್ಯಾಕ್ಟೀರಿಯಗಳು ಆಮೇಲೆ ಇಳಿದುಬರುತ್ತವೆ. ನಾವು ಕಾಣುವ ತೀವ್ರ ನ್ಯೂಮೋನಿಯ ಅನೇಕ ವೇಳೆ ಇವೆಲ್ಲವುಗಳ ಕೂಡುಕೃತ್ಯ.

ರೂಢಿಯಲ್ಲಿರುವ ಲಸಿಕೆಗಳಲ್ಲಿ ಹೆಚ್ಚಿನವು ಕೊಂದ ರೋಗಾಣುವಿಗೆ ಪ್ರಚೋದಕ ದ್ರವ್ಯವನ್ನು ಬೆರೆಸಿ ಸಿದ್ಧಪಡಿಸಿದವು. ಮರಿಗಳಿಗೆ ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲಿಯೇ ಇದನ್ನು ಸ್ನಾಯುವಿಗೆ ಚುಚ್ಚುತ್ತಾರೆ. ಗಿಣ್ಣುಹಾಲಿನೊಡನೆ ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯ ಪರಿಣಾಮವನ್ನು ಕುಗ್ಗಿಸಬಹುದು. ಅವು ಇಳಿಯಲೆಂದು ಕಾದರೆ ಅಷ್ಟರೊಳಗೆ ತಾಯಿಯ ಮೂಗಿನಿಂದಲೇ ಮರಿಗೆ ಸೋಂಕು ತಗಲಬಹುದು. ಈ ಇಕ್ಕಟ್ಟಿಗೆ ಎಲ್ಲ ಹಿಂಡುಗಳಿಗೂ ಒಪ್ಪುವ ಒಂದೇ ಪರಿಹಾರವಿಲ್ಲ.

ಲಸಿಕೆಯ ಫಲವಾದರೂ ಏನು? ಶ್ವಾಸಕೋಶದ ಗಾಯಗಳು ಕಡಿಮೆಯಾಗುತ್ತವೆ, ಕೆಮ್ಮು ತಗ್ಗುತ್ತದೆ, ತೂಕ ಚೆನ್ನಾಗಿ ಏರುತ್ತದೆ. ಸಾಕುವವನಿಗೆ ಇದು ಸಣ್ಣ ಲಾಭವಲ್ಲ. ಆದರೆ ರೋಗಾಣು ಶ್ವಾಸನಾಳದಲ್ಲಿ ನೆಲೆಯೂರುವುದನ್ನು ಲಸಿಕೆ ಪೂರ್ಣವಾಗಿ ತಡೆಯಲಾರದು. ಲಸಿಕೆ ಪಡೆದ ಹಂದಿಯಿಂದಲೂ ನೆರೆಯ ಹಂದಿಗೆ ಸೋಂಕು ಹರಡಬಲ್ಲದು. ರಕ್ತದಲ್ಲಿ ಪ್ರತಿಕಾಯಗಳು ಹೇರಳವಾಗಿವೆಯೆಂದು ತೃಪ್ತಿಪಡುವುದೂ ಸಲ್ಲದು. ಅವುಗಳ ಪ್ರಮಾಣಕ್ಕೂ ದೊರೆಯುವ ರಕ್ಷಣೆಗೂ ನೇರವಾದ ಹೊಂದಿಕೆ ಕಂಡುಬಂದಿಲ್ಲ.

ಆದುದರಿಂದಲೇ ರೋಗಾಣುವನ್ನು ನಿರ್ಮೂಲ ಮಾಡಬಯಸಿದವರು ಬೇರೆ ಹಾದಿ ಹಿಡಿಯಬೇಕಾಯಿತು. ಸ್ವಿಟ್ಸರ್ಲೆಂಡಿನಲ್ಲಿ 1996ರಿಂದ ಪ್ರದೇಶ ಪ್ರದೇಶವಾಗಿ ನಡೆದ ಕಾರ್ಯಕ್ರಮದಲ್ಲಿ ಲಸಿಕೆಯನ್ನು ನೆಚ್ಚಲಿಲ್ಲ. ಸೋಂಕಿದ ತಳಿಹಿಂಡುಗಳಲ್ಲಿ ಹತ್ತು ತಿಂಗಳೊಳಗಿನ ಎಳೆಯ ಹಂದಿಗಳನ್ನು ಕೆಲಕಾಲ ಪೂರ್ಣವಾಗಿ ತೆಗೆದು, ಉಳಿದ ದೊಡ್ಡ ಹಂದಿಗಳಿಗೆ ಔಷಧ ಕೊಟ್ಟರು. ಕೊಬ್ಬಿಸುವ ದೊಡ್ಡಿಗಳನ್ನು ಒಮ್ಮೆಲೇ ಬರಿದುಮಾಡಿದರು. ಇಷ್ಟಾದರೂ ಅಲ್ಲಲ್ಲಿ ಮರುಸೋಂಕು ತಲೆದೋರದಿರಲಿಲ್ಲ. ನೆರೆಯ ಸೋಂಕಿದ ಹಿಂಡುಗಳಷ್ಟೇ ಅಲ್ಲ, ದೊಡ್ಡಿಯ ಸಮೀಪದಲ್ಲಿ ಹಂದಿ ಸಾಗಿಸುವ ಲಾರಿಗಳು ನಿಲ್ಲುವ ತಾಣಗಳೂ ಅಪಾಯದ ಮೂಲಗಳಾಗಿ ಅಲ್ಲಿಯ ಪರಿಶೀಲಕರ ಗಮನಕ್ಕೆ ಬಂದವು.